ರಿಪೇಕಾ ಆಂಟಿಯ ಬಸ್ಸಿನ ಕ್ರಮ

ವಿಶ್ವವಿದ್ಯಾಲಯದ ಸ್ವತ್ತನ್ನು ಕದ್ದವಳು ಎಂದು ನನ್ನ ಹೆಸರಿನ ಕಡತದಲ್ಲಿ ಇವತ್ತಿಗೂ ಬರೆದಿದೆ. ಇರಲಿ ಬಿಡಿ. ಪತ್ರಾಗಾರದಲ್ಲೇ ಕೆಲಸ ಮಾಡುವವಳಿಗೆ ತನ್ನ ಬಗ್ಗೆ ಇರುವ ಒಂದು ಹಾಳೆಯನ್ನು ಮಾಯ ಮಾಡುವುದು ಯಾವ ಮಹಾ ಕೆಲಸ? ನಾನು ಅದನ್ನು ಮುಟ್ಟಿಲ್ಲ. ಓದಿದವರು ಬಂದು ನನ್ನನ್ನೇ ಕೇಳಲಿ ಎಂದು ಇದ್ದಲ್ಲೇ ಬಿಟ್ಟಿದ್ದೇನೆ. ಕೇಳಿದವರಿಗೆ ನಾನು ಹೇಳುವುದು ಇದು.

ಪೆಟ್ಟಿಗೆಗಳು ರಿಪೇಕಾ ಆಂಟಿಯವು. ಅವಳು ನನ್ನ ಅಮ್ಮನ ದೊಡ್ಡಪ್ಪನ ಮಗಳು, ಆದರೆ ನಮ್ಮ ನದಿಯ ಉದ್ದಕ್ಕೂ ಎಲ್ಲ ಮಾವೊರಿ ಮನೆಗಳಿಗೂ ಅವಳು ಆಂಟಿಯೇ. ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಬೆಳಿಗ್ಗೆ ಗುಡ್ಡದ ಮೇಲಿನ ಪುಕೆಮಾನುವಿನಲ್ಲಿ ಹೊರಟು, ಒಪಾಕು, ರೇವಾನುಯಿ, ತೌರಾಮಾ ದಾಟಿ, ಸಮುದ್ರದ ಪಕ್ಕದ ಹೌಪಾಪಾ ಶಾಲೆಗೆ ಮಕ್ಕಳನ್ನು ಮುಟ್ಟಿಸುತ್ತಿದ್ದಳು. ಮಕ್ಕಳು ಒಬ್ಬರ ತಲೆಗೂದಲು ಒಬ್ಬರು ಕೀಳದಿರಲಿ ಎಂದು ಒಂದು ಹಾಡು ಕಟ್ಟಿದ್ದಳು. ಬಸ್ಸು ತಿರುವಿನಲ್ಲಿ ಕಾಣುವ ಮೊದಲೇ ಹಾಡು ಕೇಳಿಸುತ್ತಿತ್ತು: "ಪುಕೆಮಾನು ಹತ್ತಿತು, ಮುಂದೆ ಯಾರು?" ಒಪಾಕುವಿನ ಬೇಲಿಯ ಹತ್ತಿರ ನಿಂತ ಮಕ್ಕಳು ಗಂಟಲು ಹರಿಯುವ ಹಾಗೆ "ನಾವು!" ಎಂದು ಕೂಗಬೇಕು. ಕೂಗದಿದ್ದರೆ ಆಂಟಿ ಬಾಗಿಲು ತೆಗೆಯುತ್ತಿರಲಿಲ್ಲ. ಮಳೆ ಸುರಿಯುತ್ತಿದ್ದರೂ ಅಷ್ಟೇ, ಜ್ವರ ಬಂದಿದ್ದರೂ ಅಷ್ಟೇ. ನಾನು ತೌರಾಮಾದ ಬೇಲಿಯಿಂದ ಕೂಗಿದವಳು.

ನದಿಯ ಮೇಲ್ಭಾಗದ ನೀರನ್ನು ಸರ್ಕಾರ ವಿದ್ಯುತ್ತಿಗಾಗಿ ತಿರುಗಿಸಿಕೊಂಡ ಕಾಲದಲ್ಲಿ ಮನೆಮನೆಗೂ ಕಾಗದಗಳು ಬಂದವು. ದೊಡ್ಡವರು ಆ ಕಾಗದ ಹಿಡಿದುಕೊಂಡು ಬಸ್ಸಿನ ಹತ್ತಿರ ಬರುತ್ತಿದ್ದರು. ಆಂಟಿ ಎಂಜಿನ್ ಆರಿಸದೆಯೇ ಓದಿ, ನಾಲ್ಕು ಬೈಗುಳ ಸೇರಿಸಿ ಅರ್ಥ ಹೇಳಿ, ಕಾಗದವನ್ನು ಸೀಟಿನ ಕೆಳಗಿನ ಸೇಬಿನ ಪೆಟ್ಟಿಗೆಗೆ ಹಾಕುತ್ತಿದ್ದಳು. ಆಮೇಲೆ ಫೋಟೋಗಳು ಬಂದವು. ಸಭೆಗಳ ಟಿಪ್ಪಣಿ, ಸತ್ತವರ ಹೆಸರು, ಮುಳುಗಿದ ತೋಟದ ನಕ್ಷೆ, ಹಾವುಮೀನು ಹಿಡಿಯುವ ಜಾಗಕ್ಕಾಗಿ ಇಬ್ಬರು ಅಜ್ಜಂದಿರು ಕಿತ್ತಾಡಿದ ಪತ್ರ, ಎಲ್ಲವೂ ಬಂದವು. ಒಂದೊಂದು ಸ್ಟಾಪಿಗೂ ಬೇರೆ ಬೇರೆ ಪೆಟ್ಟಿಗೆ.

ಒಂದು ಚಳಿಗಾಲ ಬಸ್ಸಿನ ಶೆಡ್ಡಿಗೆ ನೀರು ನುಗ್ಗಿತು. ಆಂಟಿ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಏರಿಸಿ ಉಳಿಸಿದಳು. ನೀರು ಇಳಿದ ಮೇಲೆ ಬಸ್ಸನ್ನೇ ಓಡಿಸಿಕೊಂಡು ನಮ್ಮ ವಿಶ್ವವಿದ್ಯಾಲಯಕ್ಕೆ ಬಂದು, ಗ್ರಂಥಾಲಯದ ಮೆಟ್ಟಿಲಿಗೆ ಅಡ್ಡ ನಿಲ್ಲಿಸಿ ಹಾರ್ನ್ ಒತ್ತಿದಳು. ಪತ್ರಾಗಾರದ ಮುಖ್ಯಸ್ಥ ಡೆನಿಸ್ ಪ್ರಿಚರ್ಡ್ ದಾನಪತ್ರ ಹಿಡಿದುಕೊಂಡು ಓಡೋಡಿ ಬಂದ.

"ಇಲ್ಲೊಂದು ಸಹಿ ಹಾಕಿದ್ರೆ ಇವೆಲ್ಲ ಶಾಶ್ವತವಾಗಿ ನಮ್ಮ ಸಂಗ್ರಹಕ್ಕೆ ಸೇರತ್ತೆ," ಎಂದ.

"ಕೊಡ್ತಾ ಇಲ್ಲ ಕಣಪ್ಪ, ಇಡ್ತಾ ಇದೀನಿ," ಎಂದಳು ಆಂಟಿ. "ನಿನ್ನ ಮನೇಲಿ ಯಾರಾದ್ರೂ ಛತ್ರಿ ಬಿಟ್ಟು ಹೋದ್ರೆ ಅದು ನಿಂದಾಗ್ಬಿಡತ್ತಾ?"

ಆ ದಾನಪತ್ರ ಸಹಿಯಿಲ್ಲದೆ ಡೆನಿಸನ ಮೇಜಿನಲ್ಲೇ ಉಳಿಯಿತು. ಡೆನಿಸ್ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾಗದವನ್ನು ಎಳೆಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತುತ್ತಿದ್ದ. ಆದರೆ ಆ ಕಾಗದದ ಮನುಷ್ಯರು ಬಾಗಿಲಲ್ಲಿ ಬಂದು ನಿಂತರೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಅವನು ಆಂಟಿಯ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಮುಗಿಸಿದ್ದ. ನಮ್ಮ ಕಸುಬಿನ ಮೊದಲ ಪಾಠವೇ ಬೇರೆ. ಕಾಗದ ಇಟ್ಟುಕೊಂಡಿದ್ದವರು ಯಾವ ಕ್ರಮದಲ್ಲಿ ಇಟ್ಟುಕೊಂಡಿದ್ದರೋ ಅದನ್ನು ಕೆಡಿಸಬಾರದು. ಕೇಳಿದರೆ, "ಸೇಬಿನ ಪೆಟ್ಟಿಗೆಗೆ ತುರುಕೋದನ್ನ ಕ್ರಮ ಅನ್ನೋಕಾಗಲ್ಲ ಮಾಕರೇತಾ," ಎಂದ. ಅದಾದ ಸ್ವಲ್ಪ ದಿನಕ್ಕೆ ಆಂಟಿ ತನ್ನ ಕಾಗದ ನೋಡಿಹೋಗಲು ಬಂದಳು. ಮೊದಲನೇ ಪೆಟ್ಟಿಗೆ ತೆರೆದಳು, ಎರಡನೆಯದು ತೆರೆದಳು, ಮುಖ ಕೆಂಪಗಾಯಿತು.

"ಯಾರೋ ಇದನ್ನ ಮಾಡಿದ್ದು? ಒಪಾಕು ಮುದುಕೀರನ್ನ ತಗೊಂಡೋಗಿ ಹೌಪಾಪಾ ಮೀನುಗಾರರ ತೊಡೆ ಮೇಲೆ ಕೂರಿಸಿದೀಯಲ್ಲೋ! ನಾಚಿಕೆ ಆಗಲ್ವಾ ನಿಂಗೆ?"

"ಕಾಲಾನುಕ್ರಮ..." ಎಂದು ಡೆನಿಸ್ ಶುರು ಮಾಡಿದ.

"ಕಾಲ ನಿನ್ನ ಗಡಿಯಾರದಲ್ಲಿ ಇಟ್ಕೋ. ನನ್ನ ಜನ ಅವರವರ ಸ್ಟಾಪಲ್ಲಿ ಇರಬೇಕು." ನನ್ನ ಕಡೆ ತಿರುಗಿದಳು. "ಏಳೇ ಹುಡುಗಿ, ತೌರಾಮಾದವಳಲ್ವಾ ನೀನು? ಹತ್ತಿಸು ಎಲ್ಲರನ್ನೂ ಬಸ್ಸಿಗೆ."

ಇಡೀ ಚಳಿಗಾಲ ಅದನ್ನೇ ಮಾಡಿದೆವು. ನಾನು ಒಂದೊಂದೇ ಹಾಳೆ ಎತ್ತಿ ತೋರಿಸುವುದು, ಅವಳು ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡುವುದು. "ಇವನು ಪುಕೆಮಾನುದವನು. ಇವಳು ಒಪಾಕು, ಗಂಡನ ಕಡೆಯಿಂದ ತೌರಾಮಾ, ಆದ್ರೆ ಗಂಡನ್ನ ಬಿಟ್ಟಳು, ಒಪಾಕುಗೇ ಹಾಕು. ಅಯ್ಯೋ ಈ ಕುಡುಕ! ರೇವಾನುಯಿಯಲ್ಲಿ ಇಳೀಬೇಕಾದೋನು, ನಿದ್ದೆ ಹೊಡ್ಕೊಂಡು ಸಮುದ್ರದ ತನಕ ಬಂದಿದಾನೆ." ನಗುತ್ತ ಅಳುತ್ತ ಪೆಟ್ಟಿಗೆ ತುಂಬುತ್ತಿದ್ದೆವು. ಸತ್ತವರ ವಸ್ತು ಮುಟ್ಟಿ ಹೊರಗೆ ಬಂದವರು ನೀರು ಚಿಮುಕಿಸಿಕೊಳ್ಳಬೇಕು, ಅದಕ್ಕೆ ಬಾಗಿಲಲ್ಲಿ ಒಂದು ಬಟ್ಟಲು ನೀರು ಇಟ್ಟಿದ್ದೆ. ಕಾಗದದ ಹತ್ತಿರ ನೀರೇ ಎಂದು ಡೆನಿಸ್ ಹೌಹಾರಿದ. ಬಟ್ಟಲನ್ನು ಎರಡು ಸಲ ಎತ್ತಿಸಿದ, ನಾನು ಎರಡು ಸಲವೂ ವಾಪಸ್ ಇಟ್ಟೆ.

ಕೊನೆಯ ಪೆಟ್ಟಿಗೆ ಮುಚ್ಚಿದ ದಿನ ಹೊರಗೆ ಬೆಂಚಿನ ಮೇಲೆ ಕುಳಿತು ಕರಿದ ರೊಟ್ಟಿ ತಿನ್ನುವಾಗ ಆಂಟಿ ಹೇಳಿದಳು:

"ನಾನು ಸತ್ತಾಗ ಇವರೆಲ್ಲ ಬರಬೇಕು ಕಣೇ ಮಾಕಾ. ಮೂರು ದಿನ ನನ್ನ ಪಕ್ಕ ಕೂತಿರಲಿ. ನಂಗೆ ಮಣ್ಣು ಹಾಕಿದ ಮೇಲೆ ವಾಪಸ್ ಬಂದು ಕೆಲಸ ಮಾಡಲಿ. ನೀರಿನ ಜಗಳ ಇನ್ನೂ ಮುಗಿದಿಲ್ಲ. ಕಾಗದಕ್ಕೆ ಮೂರೇ ದಿನ ರಜ."

"ಇದನ್ನ ಬರೆದುಕೊಡು ಆಂಟಿ. ನಾಳೆ ಯಾರಾದ್ರೂ ಇಲ್ಲ ಅಂದ್ರೆ?"

"ನಿಂಗೆ ಹೇಳಿದೀನಲ್ಲ. ನಿನ್ನ ಕಿವಿ ಏನು ಕಾಗದಕ್ಕಿಂತ ಕಡಿಮೆನಾ?" ಎಂದು ಬೆಣ್ಣೆ ಹತ್ತಿದ ಕೈಯಿಂದಲೇ ನನ್ನ ಕಿವಿ ಹಿಂಡಿದಳು.

ಫೆಬ್ರವರಿಯ ಸುಡುಬಿಸಿಲಿನಲ್ಲಿ ಒಂದು ಬೆಳಿಗ್ಗೆ ಆಂಟಿ ಹೋದಳು ಎಂದು ಫೋನು ಬಂತು. ಪತ್ರಾಗಾರದ ಕಪಾಟುಗಳ ನಡುವೆ ನಿಂತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಡೆನಿಸನ ಕೋಣೆಗೆ ಹೋಗಿ, ಮೂರು ದಿನಕ್ಕೆ ಪೆಟ್ಟಿಗೆಗಳು ಬೇಕು ಎಂದೆ.

ಅವನು ಎದ್ದು ನಿಂತು ಸಂತಾಪ ಹೇಳಿದ. ನಿಜವಾಗಿಯೂ ಬೇಸರಪಟ್ಟಿದ್ದ. ಆಮೇಲೆ ಕುಳಿತುಕೊಂಡು, "ಕಟ್ಟಡದಿಂದ ಏನೇ ಹೊರಗೆ ಹೋಗ್ಬೇಕಾದ್ರೂ ಕಮಿಟಿ ಒಪ್ಪಬೇಕು. ನಾಲ್ಕು ವಾರ ಮೊದಲೇ ಅರ್ಜಿ ಕೊಡಬೇಕು, ನಿಮಗೇ ಗೊತ್ತು," ಎಂದ.

"ಬೇಸಿಗೆ ಡೆನಿಸ್. ಆಂಟಿ ನಾಲ್ಕು ವಾರ ಕಾಯೋಕಾಗಲ್ಲ."

ಅವನು ನಗಲಿಲ್ಲ. "ನೋಡಿ ಮಾಕರೇತಾ, ನೇರವಾಗಿ ಕೇಳ್ತೀನಿ. ಅವರ ತಮ್ಮ ಪಾರಾತೇನೆ ಏನು ಮಾಡ್ತಾರೆ ಅಂತ ನಿಮಗೆ ಗೊತ್ತಿಲ್ವಾ? ಅವರ ತಾಯಿ ಬರೆದ ವಂಶಾವಳಿ ಪುಸ್ತಕಗಳು ಈಗ ಎಲ್ಲಿವೆ?"

"ತಾಯಿಯ ಜೊತೆ ಮಣ್ಣಲ್ಲಿವೆ."

"ಇವೂ ಅಲ್ಲಿಗೇ ಹೋಗ್ತವೆ."

"ಹೋಗೋಕೆ ನಾನು ಬಿಡಲ್ಲ."

"ಗಂಡಸರೇ ಮಾತಾಡೋ ಆ ಸಭಾಮನೆ ಅಂಗಳದಲ್ಲಿ ನಿಮ್ಮ ಮಾತು ನಡೆಯತ್ತಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅವನು ಕೇಳಿದ್ದಕ್ಕಲ್ಲ, ಉತ್ತರ ನನಗೂ ಗೊತ್ತಿರಲಿಲ್ಲವಲ್ಲ, ಅದಕ್ಕೆ. "ನಡೆಸ್ತೀನಿ," ಎಂದು ಬಾಗಿಲು ದಡಾರನೆ ಹಾಕಿಕೊಂಡು ಬಂದೆ.

ಹಾಡುಹಗಲೇ ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಿ, ಮುಂಬಾಗಿಲಿನಿಂದಲೇ ತಳ್ಳಿಕೊಂಡು ಹೋಗಿ, ನನ್ನ ವ್ಯಾನಿಗೆ ತುಂಬಿದೆ. ಕಳ್ಳರು ಹಿಂಬಾಗಿಲು ಹುಡುಕುತ್ತಾರೆ. ನಾನು ಕಾವಲುಗಾರನಿಂದ ಬಾಗಿಲು ಹಿಡಿಸಿಕೊಂಡು ಹೋದೆ. ಕಪಾಟಿನಿಂದ ಪೆಟ್ಟಿಗೆ ತೆಗೆದರೆ ಆ ಜಾಗದಲ್ಲಿ ಒಂದು ಚೀಟಿ ಇಡುವುದು ನಮ್ಮ ಪದ್ಧತಿ. ಪ್ರತಿ ಖಾಲಿ ಜಾಗದಲ್ಲೂ ಚೀಟಿ ಇಟ್ಟೆ. ಎಲ್ಲಿಗೆ: ರೇವಾನುಯಿ, ಸಾವಿನ ಮನೆಗೆ. ವಾಪಸ್ ಯಾವಾಗ: ಮಣ್ಣಾದ ಮೇಲೆ. ಕೆಳಗೆ ನನ್ನ ಸಹಿ, ದಪ್ಪಕ್ಕೆ.

ರೇವಾನುಯಿಯ ಸಭಾಮನೆಯ ಜಗಲಿಯಲ್ಲಿ ಆಂಟಿ ತೆರೆದ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ತಲೆಗೆ ಎಲೆಯ ಸುತ್ತು ಕಟ್ಟಿಕೊಂಡ ಮುದುಕಿಯರು ಕಪ್ಪು ಬಟ್ಟೆಯಲ್ಲಿ ಅವಳ ಎರಡೂ ಪಕ್ಕ ಕುಳಿತಿದ್ದರು. ನಮ್ಮಲ್ಲಿ ಸತ್ತವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವುದಿಲ್ಲ. ಮೊದಲೇ ತೀರಿಕೊಂಡವರ ಫೋಟೋಗಳನ್ನು ಪಕ್ಕದಲ್ಲಿ ಸಾಲಾಗಿ ಒರಗಿಸಿದ್ದರು. ಅದರ ಮುಂದೆ ನಾನು ಪೆಟ್ಟಿಗೆಗಳನ್ನು ಬಸ್ಸಿನ ಕ್ರಮದಲ್ಲಿ ಇಟ್ಟೆ. ತಲೆಯ ಹತ್ತಿರ ಪುಕೆಮಾನು, ಕಾಲಿನ ಹತ್ತಿರ ಹೌಪಾಪಾ.

ಊರೂರಿನಿಂದ ಗುಂಪುಗಳು ಬಂದವು. ಗೇಟಿನಲ್ಲಿ ನಿಂತವರನ್ನು ನಮ್ಮ ಹೆಂಗಸರು ದನಿ ಎಳೆದು ಕರೆಯುವುದು, ಅವರು ಅಳುತ್ತಾ ನಿಧಾನವಾಗಿ ಅಂಗಳ ದಾಟಿ ಬರುವುದು. ಬಂದವರು ಆಂಟಿಯ ಮುಂದೆ ಅತ್ತು, ಆಮೇಲೆ ತಮ್ಮ ಊರಿನ ಪೆಟ್ಟಿಗೆಯ ಮುಂದೆ ಕುಸಿದು ಕುಳಿತರು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಪಾಕುವಿನ ಒಬ್ಬಾಕೆ ತನ್ನ ತಾಯಿಯ ಹುಡುಗಿ ಮುಖವನ್ನು ಮೊದಲ ಸಲ ನೋಡಿ, ಆ ಫೋಟೋವನ್ನು ಕೆನ್ನೆಗೆ ಒತ್ತಿಕೊಂಡು ಗೊಳೋ ಎಂದಳು. ಕಣ್ಣೀರು ಕಾಗದಕ್ಕೆ ವಿಷ, ಉಪ್ಪು! ಬ್ಯಾಗಿನಿಂದ ಬಿಳಿ ಕೈಗವಸುಗಳ ಕಟ್ಟು ತೆಗೆದು ಒಬ್ಬೊಬ್ಬರಿಗೂ ಚಾಚತೊಡಗಿದೆ.

ಅಡುಗೆಮನೆಯ ಯಜಮಾನಿ ಹುಹಾನಾ ಆಲೂಗಡ್ಡೆಯ ಬಕೆಟ್ಟು ಹೊತ್ತು ಹೋಗುತ್ತಿದ್ದವಳು ನಿಂತಳು. ಒಪಾಕುವಿನವಳು, ನನ್ನ ಜೊತೆ ಬಸ್ಸಿನಲ್ಲಿ ಬಂದವಳು, ಬಾಯಿಗೆ ಬೇಲಿಯೇ ಇಲ್ಲ.

"ಏನೇ ಅದು? ಐಸ್‌ಕ್ರೀಮ್ ಮಾರೋಕೆ ಬಂದಿದೀಯಾ? ಅಮ್ಮನ ಕೆನ್ನೆ ಸವರೋಕೆ ಗವಸು ಹಾಕ್ಕೋತಾರಾ ಯಾರಾದ್ರೂ?"

ಮುದುಕಿಯರೆಲ್ಲ ಶವದ ಪಕ್ಕದಲ್ಲೇ ಕಿಸಕ್ಕೆಂದು ನಕ್ಕರು. ನಾನು ಗವಸುಗಳನ್ನು ಬ್ಯಾಗಿಗೆ ತುರುಕಿದೆ.

ಎರಡನೆಯ ದಿನ ಪಾರಾ ಮಾವ ನನ್ನನ್ನು ಸೌದೆ ರಾಶಿಯ ಹತ್ತಿರ ಕರೆದರು. ಡೆನಿಸ್ ಹೇಳಿದ ಆ ಪಾರಾತೇನೆ ಇವರೇ. ಎಂಬತ್ತು ದಾಟಿದವರು, ಕೆತ್ತನೆಯ ಊರುಗೋಲು, ಎದುರು ಮಾತಾಡಿದವರನ್ನು ಕಣ್ಣಲ್ಲೇ ಸುಡುವವರು.

"ಪೆಟ್ಟಿಗೆ ತಂದು ಒಳ್ಳೇ ಕೆಲಸ ಮಾಡಿದೆ ಮಗಳೇ. ನಾಳೆ ಅಕ್ಕನ ಜೊತೆ ಮಣ್ಣೊಳಗೆ ಹಾಕ್ಬಿಡೋಣ."

"ಬೇಡ ಮಾವ. ಆಂಟಿ ನಂಗೆ ಹೇಳಿದಾಳೆ. ಮೂರು ದಿನ ಜೊತೆಗಿದ್ದು ವಾಪಸ್ ಹೋಗಬೇಕು ಅಂತ."

"ಯಾರ ಮುಂದೆ ಹೇಳಿದ್ಳು?"

"ನಾವಿಬ್ಬರೇ ಇದ್ವಿ."

"ಹಂಗೋ!" ಊರುಗೋಲಿನಿಂದ ನೆಲ ಕುಟ್ಟಿದರು. "ಅವಳು ಹೇಳಿದ್ದೋ, ನಿಂಗೆ ಸಂಬಳ ಕೊಡೋರು ಹೇಳ್ಕೊಟ್ಟಿದ್ದೋ? ಕೇಳಿಲ್ಲಿ. ನಮ್ಮಮ್ಮನ ಪುಸ್ತಕ ಮಣ್ಣಿಗೆ ಹಾಕಿದ್ವಿ. ಇವತ್ತಿನ ತನಕ ಒಬ್ಬ ಹೊರಗಿನವನೂ ಅದನ್ನ ಮುಟ್ಟಿಲ್ಲ. ನನ್ನ ದೊಡ್ಡಪ್ಪ ತನ್ನ ಪುಸ್ತಕ ಒಬ್ಬ ಬಿಳಿ ಪಂಡಿತನ ಕೈಗೆ ಕೊಟ್ಟ. ಏನಾಯ್ತು? ಅದನ್ನೇ ಕೋರ್ಟಲ್ಲಿ ಓದಿ, ಈ ನದಿ ನಿಮ್ಮದಲ್ಲ ಅಂದ್ರು. ನಮ್ಮ ಬಾಯಿಂದ್ಲೇ ನಮ್ಮ ಕತ್ತು ಕುಯ್ದರು. ನನ್ನ ಅಕ್ಕನ್ನ ಅವರ ಕೈಗೆ ಬಿಡಲ್ಲ ನಾನು."

ಅವರು ಹೇಳಿದ್ದು ಸುಳ್ಳಲ್ಲ. ಆ ಕೋರ್ಟಿನ ಕಾಗದವನ್ನು ನಾನೇ ಪೆಟ್ಟಿಗೆಗೆ ಹಾಕಿದ್ದೆ. ಆದರೂ ಸಂಬಳದ ಮಾತು ಮುಖಕ್ಕೆ ಹೊಡೆದ ಹಾಗಿತ್ತು, ಸುಮ್ಮನಿರಲಾಗಲಿಲ್ಲ.

"ಆ ಕೋರ್ಟಲ್ಲಿ ನಾವು ಸೋತಿದ್ದು ಅವರ ಕೈಲಿ ಪುಸ್ತಕ ಇತ್ತು ಅಂತ ಅಲ್ಲ ಮಾವ, ನಮ್ಮ ಕೈಲಿ ಏನೂ ಇರಲಿಲ್ಲ ಅಂತ. ಅದಕ್ಕೇ ಆಂಟಿ ನಲವತ್ತು ವರ್ಷ ಕೂಡಿಟ್ಟಿದ್ದು. ಅದನ್ನ ನೀವು ಹುಳಕ್ಕೆ ಹಾಕ್ತೀನಿ ಅಂತೀರಿ."

"ನಾಳೆ ನಾನು ಮಾತಾಡ್ತೀನಿ," ಎಂದರು ಮಾವ. "ನಾನು ಮಾತಾಡಿದ ಮೇಲೆ ಮುಗೀತು." ಬೆನ್ನು ತಿರುಗಿಸಿ ಹೋದರು.

ಮೂರನೆಯ ದಿನ ಬೆಳಿಗ್ಗೆ ವಿಶ್ವವಿದ್ಯಾಲಯದ ವ್ಯಾನು ಗೇಟಿನ ಹೊರಗೆ ನಿಂತಿತು. ಡೆನಿಸ್ ಕೋಟು ಟೈ ಹಾಕಿಕೊಂಡು ಇಳಿದ. ಕರೆಯುವ ತನಕ ಒಳಗೆ ಬರಬಾರದು ಎಂದು ಗೊತ್ತಿತ್ತೋ, ಹೆದರಿಕೆಯೋ, ಬಿಸಿಲಲ್ಲಿ ಕಂಬದ ಹಾಗೆ ನಿಂತ. ಹುಹಾನಾ ಅಡುಗೆಮನೆಯ ಕಿಟಕಿಯಿಂದ ನೋಡಿ, "ಪಾಪ, ಬೆಂದು ಹೋಗ್ತಾನೆ," ಎಂದು ಕೈ ಒರೆಸಿಕೊಂಡು ಬಂದು ತಾನೇ ದನಿ ಎತ್ತಿ ಕರೆದಳು. ಡೆನಿಸ್ ಒಬ್ಬನೇ ಅಂಗಳ ದಾಟಿ ಬಂದು, ಶವದ ಮುಂದೆ ತಲೆ ಬಾಗಿಸಿ, ಸಾಲಾಗಿ ನಿಂತವರಿಗೆಲ್ಲ ಪದ್ಧತಿಯಂತೆ ಮೂಗಿಗೆ ಮೂಗು ಒತ್ತಿದ. ಪಾರಾ ಮಾವನಿಗೂ ಒತ್ತಿದ. ಒಬ್ಬರಿಗೆ ಪೆಟ್ಟಿಗೆ ಮಣ್ಣಿಗೆ ಬೇಕು, ಇನ್ನೊಬ್ಬನಿಗೆ ಬೀಗದೊಳಗೆ ಬೇಕು. ಇಬ್ಬರೂ ಕಣ್ಣು ಮುಚ್ಚಿ ಒಂದೇ ಉಸಿರು ಎಳೆದುಕೊಂಡರು.

ಶವಪೆಟ್ಟಿಗೆ ಮುಚ್ಚುವ ಹೊತ್ತು ಬಂತು. ಪಾರಾ ಮಾವ ಊರುಗೋಲು ಹಿಡಿದು ಅಂಗಳಕ್ಕೆ ಇಳಿದರು. ಆ ಅಂಗಳದಲ್ಲಿ ನಿಂತು ಮಾತಾಡುವುದು ಗಂಡಸರ ಕೆಲಸ. ಹೆಂಗಸರು ನಡುವೆ ಬಾಯಿ ಹಾಕುವ ಹಾಗಿಲ್ಲ. ಅವರು ಅಕ್ಕನನ್ನು ನೇರವಾಗಿ ಕರೆದು ಮಾತಾಡಿದರು, ಬೈದರು, ಹೊಗಳಿದರು, ಎಲ್ಲರನ್ನೂ ಅಳಿಸಿದರು. ಆಮೇಲೆ ಊರುಗೋಲನ್ನು ಪೆಟ್ಟಿಗೆಗಳ ಕಡೆ ಚಾಚಿದರು.

"ಅಕ್ಕಾ, ನೀನು ಕೂಡಿಟ್ಟಿದ್ದು ನಿನ್ನ ಜೊತೇಲೇ ಬರತ್ತೆ. ಯಾವ ಅಪರಿಚಿತನ ಬೆರಳೂ ಅದರ ಮೇಲೆ ಬೀಳಲ್ಲ. ಹುಡುಗರಾ, ಎತ್ತಿಕೊಂಡು ಗುಂಡಿಗೆ ನಡೀರಿ..."

ನಮ್ಮಲ್ಲಿ ಹೆಂಗಸರ ಕೈಗೆ ಒಂದೇ ಒಂದು ಆಯುಧ ಬಿಟ್ಟಿದ್ದಾರೆ. ಮಾತಾಡುವವನು ದಾರಿ ತಪ್ಪಿದ ಎನಿಸಿದರೆ ಹೆಣ್ಣು ಎದ್ದು ಹಾಡಬಹುದು. ಹಾಡು ಎದ್ದರೆ ಎಂಥಾ ದೊಡ್ಡವನೂ ಮಾತು ನಿಲ್ಲಿಸಬೇಕು. ಆದರೆ ಒಬ್ಬಳೇ ಹಾಡಿದರೆ ಅದು ಹಾಡಲ್ಲ. ಜೊತೆಗೆ ಜನ ಏಳದಿದ್ದರೆ ಆ ಅವಮಾನ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಗಂಭೀರವಾದ ಹಾಡುಗಳೆಲ್ಲ ಆ ಕ್ಷಣ ತಲೆಯಿಂದ ಹಾರಿಹೋದವು. ಎದ್ದು ನಿಂತೆ, ಬಾಯಿಗೆ ಬಂದದ್ದನ್ನು ಹಾಡಿದೆ.

"ಪುಕೆಮಾನು ಹತ್ತಿತು, ಮುಂದೆ ಯಾರು?"

ಮಾವನ ಊರುಗೋಲು ಗಾಳಿಯಲ್ಲೇ ನಿಂತಿತು. ಶವದ ಮುಂದೆ ಮಕ್ಕಳ ಬಸ್ಸಿನ ಹಾಡು! ಯಾರೂ ಜೊತೆಗೆ ಏಳಲಿಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅಡುಗೆಮನೆಯ ಕಡೆಯಿಂದ ಪಾತ್ರೆ ಬಿದ್ದ ಸದ್ದಾಯಿತು. ಹಿಂದೆಯೇ ಹುಹಾನಾಳ ಗಂಟಲು:

"ನಾವು!"

ಏಪ್ರನ್ ಕಟ್ಟಿಕೊಂಡೇ ಅಂಗಳದ ಅಂಚಿಗೆ ಓಡಿ ಬಂದಿದ್ದಳು. ಬೆಂಚಿನ ಮೇಲಿದ್ದ ಒಪಾಕುವಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಪುಕೆಮಾನುವಿನವರು ಮೊದಲೇ ಹತ್ತಿಯಾಗಿತ್ತಲ್ಲ, ಅವರೂ ಎದ್ದರು. ಎಲ್ಲರೂ ಸೇರಿ ಮುಂದಿನ ಸಾಲು ಹಾಡಿದರು.

"ಒಪಾಕು ಹತ್ತಿತು, ಮುಂದೆ ಯಾರು?"

ಮುಂದಿನದು ರೇವಾನುಯಿ. ನಾವು ನಿಂತಿದ್ದ ನೆಲ, ಮಾವನ ಊರು, ಆಂಟಿಯ ಊರು. ಶವದ ಪಕ್ಕದ ಮುದುಕಿಯರು ಉತ್ತರ ಕೊಡಬೇಕಿತ್ತು. ಅವರು ಮಾವನ ಮುಖ ನೋಡಿದರು, ತಲೆ ತಗ್ಗಿಸಿದರು. ಮನೆಯ ಹಿರಿಯನನ್ನು ಎದುರಿಸಿ ಹೇಗೆ ಕೂಗುತ್ತಾರೆ? ಹಾಡು ಅಲ್ಲೇ ಸಿಕ್ಕಿಕೊಂಡಿತು. ನಾನು ಬಿಡಲಿಲ್ಲ. ಮಾವನ ಕಣ್ಣಲ್ಲಿ ಕಣ್ಣಿಟ್ಟು ಇನ್ನೊಮ್ಮೆ ಕೇಳಿದೆ.

"ಒಪಾಕು ಹತ್ತಿತು, ಮುಂದೆ ಯಾರು?"

ನದಿಯ ಜನವೆಲ್ಲ ನೋಡುತ್ತಿದ್ದಾರೆ. ಉತ್ತರ ಕೊಡದಿದ್ದರೆ ರೇವಾನುಯಿ ರಸ್ತೆಯಲ್ಲೇ ಉಳಿಯುತ್ತದೆ, ಅದೂ ಅವರದೇ ಅಕ್ಕನ ಬಸ್ಸು ಹತ್ತದೆ, ಅವಳ ಕೊನೆಯ ದಿನ. ಅವರು ತಿರುಗಿ ಆಂಟಿಯ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಊರುಗೋಲು ಕೆಳಗಿಳಿಯಿತು.

"ನಾವು," ಎಂದರು ಮಾವ. ಕೂಗಲಿಲ್ಲ, ಹಲ್ಲು ಕಚ್ಚಿಕೊಂಡು ಹೇಳಿದರು.

ಮುದುಕಿಯರು ಎದೆ ಬಡಿದುಕೊಂಡು ಎದ್ದರು. ತೌರಾಮಾದ ನಮ್ಮವರು ಕೂಗಿದರು, ಹೌಪಾಪಾದ ಮೀನುಗಾರರು ಸಮುದ್ರಕ್ಕೆ ಕೇಳುವ ಹಾಗೆ ಕೂಗಿದರು. ಬಿಳಿಗೂದಲಿನ ಗಂಡಸರು ಶಾಲೆಯ ಹುಡುಗರ ಹಾಗೆ ಕಾಲು ಕುಣಿಸುತ್ತ ಅಳುತ್ತಿದ್ದರು. ಕೊನೆಯ ಸಾಲು, ಶಾಲೆಯ ಗೇಟಿನಲ್ಲಿ ಬಸ್ಸು ನಿಲ್ಲುವಾಗ ಹಾಡುತ್ತಿದ್ದದ್ದು, ಒಂದೇ ಗಂಟಲಿನಲ್ಲಿ ಬಂತು: "ಯಾರೂ ಉಳಿಯಲಿಲ್ಲ, ಎಲ್ಲರೂ ಇಳಿಯಿರಿ, ಕೆಲಸ ಇದೆ!"

ಪಾರಾ ಮಾವ ಮಾತು ಮುಂದುವರಿಸಲಿಲ್ಲ. ನಿಧಾನವಾಗಿ ಬಂದು ನನ್ನ ಮುಂದೆ ನಿಂತರು.

"ಅವಳು ಹೇಳಿದ್ದು ನಿಜಾನಾ?"

"ನಿಜ ಮಾವ. ಕಾಗದಕ್ಕೆ ಮೂರೇ ದಿನ ರಜ ಅಂದ್ಲು."

"ಹೂಂ. ಅವಳ ಮಾತಿನ ಥರಾನೇ ಇದೆ." ಮೂಗು ಒರೆಸಿಕೊಂಡರು. "ನೀನೂ ಅವಳ ಥರಾನೇ ಹಾಳು ಹೆಂಗಸು. ಆ ಮನುಷ್ಯನಿಗೆ ಹೇಳು, ನಮ್ಮ ಕಾಗದಕ್ಕೆ ಬೀಗ ಹಾಕಿದ್ರೆ ನಾನು ಬರ್ತೀನಿ ಅಂತ."

ಹೇಳಬೇಕಾಗಿರಲಿಲ್ಲ, ಡೆನಿಸ್ ಪಕ್ಕದಲ್ಲೇ ಇದ್ದ. ಆಂಟಿಯನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದು, ಕೈ ತೊಳೆದು, ಹಂದಿಯ ಮೂಳೆ ಸೊಪ್ಪಿನ ಸಾರು ಉಂಡೆವು. ಹುಹಾನಾ ಡೆನಿಸನ ತಟ್ಟೆಗೆ ಮೂರು ಸಲ ಬಡಿಸಿದಳು. ಸಂಜೆ ಒಂದೊಂದು ಊರಿನವರು ತಮ್ಮ ತಮ್ಮ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ನನ್ನ ವ್ಯಾನಿಗೆ ಇಟ್ಟರು. ವಿಶ್ವವಿದ್ಯಾಲಯದ ವ್ಯಾನು ಖಾಲಿಯೇ ವಾಪಸ್ ಹೋಯಿತು.

ಸೋಮವಾರ ಪತ್ರಾಗಾರದಲ್ಲಿ ಪೆಟ್ಟಿಗೆ ತೆರೆದು ಪರೀಕ್ಷಿಸಿದೆವು. ಒಂದು ಹಾಳೆಯೂ ಕಳೆದಿರಲಿಲ್ಲ. ಆದರೆ ಫೋಟೋಗಳ ಮೇಲೆ, ಪತ್ರಗಳ ಅಂಚಿನಲ್ಲಿ, ನಕ್ಷೆಯ ನಡುವೆ ದುಂಡು ದುಂಡಗೆ ಕಲೆಗಳು. ಡೆನಿಸ್ ಭೂತಗನ್ನಡಿ ಇಟ್ಟುಕೊಂಡು ಒಂದೊಂದನ್ನೂ ನೋಡಿದ. ಅವನ ಮುಖ ಸಣ್ಣಗಾಯಿತು.

"ಇದನ್ನ ಶುಚಿ ಮಾಡಿಸಬೇಕು. ಲ್ಯಾಬಿನವರು ತೆಗೀತಾರೆ," ಎಂದ.

"ತೆಗೀಬಾರದು."

"ಮಾಕರೇತಾ, ಇದು ಹಾನಿ."

"ಇದು ಕಾಗದಕ್ಕೆ ಅವರ ಮನೆಯವರು ಸಿಕ್ಕಿದ ದಿನದ ಗುರುತು. ಅದನ್ನೂ ಸೇರಿಸಿಯೇ ದಾಖಲೆ. ಕೆಲಸಕ್ಕೆ ಸೇರಿದಾಗ ನೀವೇ ಹೇಳಿಕೊಟ್ಟಿದ್ರಿ, ಹಾಳೆ ಮೇಲೆ ಬಿದ್ದ ಕಾಫಿ ಕಲೆಯನ್ನೂ ಅಳಿಸಬೇಡಿ, ಯಾರು ಎಲ್ಲಿ ಕೂತು ಓದಿದ್ರು ಅಂತ ಅದು ಹೇಳತ್ತೆ ಅಂತ. ಕಾಫಿಗೆ ಇರೋ ಬೆಲೆ ನಮ್ಮ ಕಣ್ಣೀರಿಗೆ ಇಲ್ವಾ?"

ಅವನು ಭೂತಗನ್ನಡಿ ಕೆಳಗಿಟ್ಟ. ಆಮೇಲೆ ಮೇಜಿನಿಂದ ಒಂದು ಪತ್ರ ತೆಗೆದ. ಕಮಿಟಿಯವರು ನನ್ನ ಹೆಸರಿನಲ್ಲಿ ಬರೆದದ್ದು, ಕಳವು ಎಂಬ ಮಾತು ಅದರಲ್ಲಿತ್ತು. "ಕಮಿಟಿ ಒಂದು ದಾರಿ ಕೊಟ್ಟಿದೆ," ಎಂದ, ನನ್ನ ಮುಖ ನೋಡದೆ. "ಹಾನಿ ಏನಾದ್ರೂ ಆಗಿದ್ರೆ, 'ನನ್ನ ಅಜಾಗರೂಕತೆಯಿಂದ ಆಯ್ತು, ಸರಿಪಡಿಸೋಕೆ ಒಪ್ಪಿದೀನಿ' ಅಂತ ನೀವು ಒಂದು ಸಾಲು ಬರೆದುಕೊಟ್ರೆ ಈ ಪತ್ರ ಕಡತಕ್ಕೆ ಹೋಗಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಬಡ್ತಿ, ನಿವೃತ್ತಿ, ಎಲ್ಲಾ ಇದೆ."

"ಹೋಗಲಿ ಬಿಡಿ ಕಡತಕ್ಕೆ," ಎಂದೆ. "ಕೊಡಿ, ನಾನೇ ಹಾಕಿ ಬರ್ತೀನಿ."

ಕೊಟ್ಟ. ನಾನೇ ಹೋಗಿ ಸರಿಯಾದ ಜಾಗದಲ್ಲಿ ಹಾಕಿ ಬಂದೆ. ಎರಡು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. ಮನೆಯಲ್ಲಿ ಯಾರು ಕೂರುತ್ತಾರೆ? ದಿನಾ ಓದುವ ಕೋಣೆಗೆ ಹೋಗಿ ಓದಲು ಬಂದವಳ ಹಾಗೆ ಕುಳಿತೆ. ಹುಹಾನಾ ಬಂದಳು, ಪಾರಾ ಮಾವ ಬಂದರು, ಬೀಗ ಹಾಕಿದ್ದಾರೋ ಇಲ್ಲವೋ ನೋಡಲು. ಡೆನಿಸ್ ತಾನೇ ಎದ್ದು ಹೋಗಿ ಬಾಗಿಲಿನ ಬಟ್ಟಲಿಗೆ ನೀರು ತುಂಬಿಸಿ ಇಟ್ಟ.

ಈಗ ನದಿಯ ಯಾವ ಊರಿನಲ್ಲಿ ಸಾವಾದರೂ ಆ ಊರಿನ ಪೆಟ್ಟಿಗೆ ಮೂರು ದಿನ ಮನೆಗೆ ಹೋಗಿ ಬರುತ್ತದೆ. ಕಮಿಟಿ ಒಪ್ಪಿಲ್ಲ, ನಾನು ಕೇಳಿಯೂ ಇಲ್ಲ. ಚೀಟಿ ಇಟ್ಟು ತೆಗೆದುಕೊಂಡು ಹೋಗುತ್ತೇನೆ. ಹೋದ ವರ್ಷ ನೀರಿನ ಮೊಕದ್ದಮೆ ಮತ್ತೆ ತೆರೆದಾಗ ನಮ್ಮವರು ಕೋರ್ಟಿನ ಮೇಜಿನ ಮೇಲೆ ಇಟ್ಟದ್ದು ಆ ಕಲೆ ಬಿದ್ದ ನಕ್ಷೆಯನ್ನೇ. ಇದೇನು ಕಲೆ ಎಂದು ಎದುರು ಪಕ್ಷದ ವಕೀಲ ಕೇಳಿದ. ಸಾಕ್ಷಿಯಾಗಿ ನಿಂತಿದ್ದ ನಾನು, ಪತ್ರಾಗಾರದ ಸೂಚಿಪಟ್ಟಿ ತೆಗೆದು ಓದಿ ಎಂದೆ. ಆ ಸಾಲು ಬರೆದವಳು ನಾನೇ, ಪೆಟ್ಟಿಗೆ ವಾಪಸ್ ಬಂದ ಸೋಮವಾರವೇ ಬರೆದದ್ದು. ಅವನು ಕನ್ನಡಕ ಹಾಕಿಕೊಂಡು, ಇಡೀ ಕೋರ್ಟಿಗೆ ಕೇಳುವ ಹಾಗೆ ಓದಿದ:

"ಸ್ಥಿತಿ: ಎಲ್ಲ ಪೆಟ್ಟಿಗೆಗಳಲ್ಲೂ ಕಣ್ಣೀರಿನ ಕಲೆಗಳಿವೆ. ತೆಗೆಯಬಾರದು. ಮುಂದೆಯೂ ಆಗುತ್ತವೆ."